ಖಾಲಿ ಡಬ್ಬಿ ಕಳಿಸಬೇಡಿ

ನಮ್ಮ ಅತ್ತೆ ಇಂಟರ್ನೆಟ್ಟಿನಲ್ಲಿ ಹಪ್ಪಳದ ಅಂಗಡಿ ತೆರೆದಾಗ ಅವಳ ಹತ್ತಿರ ಇಂಟರ್ನೆಟ್ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ, ನಿಜ ಹೇಳಬೇಕೆಂದರೆ ಹಪ್ಪಳವೂ ಇರಲಿಲ್ಲ! ಇದ್ದದ್ದು ಒಂದು ಶೆಡ್ಡು, ಒಂದು ಟೆಲಿಫೋನು, ಮತ್ತು ತನಗೆ ತಿಳಿಯದ್ದು ಈ ಲೋಕದಲ್ಲಿ ಯಾವುದೂ ಇಲ್ಲ ಎಂಬ ಧೈರ್ಯ. ಈ ಮೂರನೆಯದರ ದಾಸ್ತಾನು ಇವತ್ತಿಗೂ ಮುಗಿದಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವ ಧೈರ್ಯವಂತರಿಗೆ, "ನೈಟ್ ಡ್ಯೂಟಿ ಇತ್ತು" ಎಂದು ಉತ್ತರ ಕೊಡುತ್ತಿದ್ದಳು. ಆಕೆ ಹೊನ್ನಾವರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕುಮಟೆಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಇಡೀ ತಾಲ್ಲೂಕನ್ನು ಮುಂಬೈ-ಪುಣೆಗಳಿಗೆ ಜೋಡಿಸಿ ಬರುತ್ತಿದ್ದಳು. ಯಾರ ಮನೆಯಲ್ಲಿ ಗಂಡು ಹುಟ್ಟಿತು, ಯಾರ ಸಂಬಂಧ ಮುರಿಯಿತು ಎಂಬುದೆಲ್ಲ ಸಂಬಂಧಪಟ್ಟವರಿಗಿಂತ ಮೊದಲು ಅವಳಿಗೆ ಗೊತ್ತು. ಆದರೆ ಒಂದು ಮಾತು ಹೊರಗೆ ಬಿದ್ದದ್ದಿಲ್ಲ! ಮನೆಗೆ ತಂದ ಡ್ಯೂಟಿಯ ಚಾಳಿ ಒಂದೇ: ಅಪ್ಪ ಅಮ್ಮ ಜಗಳಕ್ಕೆ ನಿಂತರೆ ಟ್ರಂಕ್ ಕಾಲಿನವರನ್ನು ಕೇಳುವ ಹಾಗೆ ನಡುವೆ ತಲೆ ಹಾಕಿ, "ಮೂರು ನಿಮಿಷ ಆತು, ಮುಂದುವರಿಸ್ತ್ರಾ?" ಎಂದು ಕೇಳುವುದು. ಯಾವ ಗಂಡ ಹೆಂಡತಿಗೆ ಆಮೇಲೆ ಜಗಳ ಮುಂದುವರಿಸುವ ಮನಸ್ಸಾದೀತು ಹೇಳಿ?

ಮುಂದೆ ಎಕ್ಸ್‌ಚೇಂಜು ಆಟೋಮ್ಯಾಟಿಕ್ ಆಯಿತು. ಜನ ತಾವೇ ಗುಂಡಿ ಒತ್ತಿ ಮಾತಾಡತೊಡಗಿದರು. ಅತ್ತೆಗೆ ಇದು ಸರ್ಕಾರ ಮಾಡಿದ ದೊಡ್ಡ ಅವಿವೇಕ ಎನಿಸಿತು. "ನಡುವೆ ಒಬ್ರೂ ಇಲ್ದೇ ಇಬ್ರು ಮಾತಾಡಿದ್ರೆ ಅದು ಎಂತ ಮಾತು?" ಎಂದು ಸ್ವಯಂನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತಳು. ಕೂತಳು ಎಂದರೆ ತಪ್ಪಾಗುತ್ತದೆ. ಅಡುಗೆಮನೆಯ ಡಬ್ಬಿಗಳ ಜಾಗ ಬದಲಾಯಿತು, ಸಾರಿಗೆ ಮೆಂತ್ಯ ಬಂತು, ಹಾಲಿನವನಿಗೆ ಹಾಲು ಕಾಸುವ ಪಾಠವಾಯಿತು. ಅಮ್ಮ ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಪಾತ್ರೆಗಳು ಮಾತಾಡತೊಡಗಿದವು. ಅತ್ತೆಗೂ ಅದು ಕೇಳಿಸುತ್ತಿತ್ತು. ಕಿವಿಯಿಂದಲೇ ಹೊಟ್ಟೆ ಹೊರೆದವಳಿಗೆ ಕೇಳಿಸದೆ ಇರುತ್ತದೆಯೇ!

ಒಂದು ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಘೋಷಿಸಿದಳು.

"ನಂಗೆ ಶೆಡ್ಡು ಸಿಕ್ಕಿದ್ದು."

"ಎಂತ ಶೆಡ್ಡು?" ಎಂದ ಅಪ್ಪ.

"ಇಂಡಸ್ಟ್ರಿಯಲ್ ಎಸ್ಟೇಟಲ್ಲಿ. ಹದಿನಾಲ್ಕನೇ ನಂಬರು. ಅಂಗಡಿ ಹಾಕ್ತೆ. ಇಂಟರ್ನೆಟ್ಟಲ್ಲಿ."

ಅಪ್ಪ ಹೈಸ್ಕೂಲಿನ ಗಣಿತ ಮೇಷ್ಟ್ರು. ಲೆಕ್ಕ ತಾಳೆಯಾಗದಿದ್ದರೆ ತುತ್ತು ಇಳಿಯುವುದಿಲ್ಲ. "ಇಂಟರ್ನೆಟ್ಟಲ್ಲಿ ಅಂಗಡಿ ಹಾಕಲೆ ಶೆಡ್ಡು ಎಂತಕ್ಕೆ?"

"ಮತ್ತೆ ಇಂಟರ್ನೆಟ್ಟು ಎಲ್ಲಿ ಕೂತ್ಕಳವು?" ಎಂದಳು ಅತ್ತೆ, ಮಜ್ಜಿಗೆ ಸುರಿದುಕೊಳ್ಳುತ್ತ.

ಆ ಶೆಡ್ಡಿನಲ್ಲಿ ಮೊದಲು ಮೇಣದಬತ್ತಿ ಮಾಡುತ್ತಿದ್ದವನೊಬ್ಬ ಇದ್ದನಂತೆ. ಕುಮಟೆಗೆ ಕರೆಂಟು ಸ್ವಲ್ಪ ಸರಿಯಾಗಿ ಬರತೊಡಗಿದ್ದೇ ಬಿಟ್ಟು ಓಡಿದ್ದ. ಎಡಗಡೆ ಶೆಡ್ಡಿನಲ್ಲಿ ತಗಡಿನ ಕೆಲಸದ ಕೊಂಕಣಿ ಮಾಮ. ಮಾಡಿನಂಚಿಗೆ ಮಳೆನೀರಿನ ದೋಣಿ, ಡಬ್ಬಿ, ಕೊಳವೆ ಮಾಡಿಕೊಂಡು ದಿನವಿಡೀ ಠಣಠಣ ಬಡಿಯುವವರು. ಬಲಗಡೆ ಹಳೇ ಟಯರಿಗೆ ಹೊಸ ರಬ್ಬರು ಹಚ್ಚುವ ಕಾರ್ಖಾನೆ. ಎದುರಿಗೆ ಸಿಮೆಂಟ್ ಇಟ್ಟಿಗೆಯವರು. ಈ ಗದ್ದಲ, ಹೊಗೆ, ಧೂಳುಗಳ ಮಧ್ಯೆ ಹಲಸಿನಕಾಯಿ ಹಪ್ಪಳ! ಒಮ್ಮೆ ನಾಗಪುರದ ಗಿರಾಕಿಯೊಬ್ಬರು ಹಪ್ಪಳಕ್ಕೆ ಏನೋ ವಿಶೇಷ ಪರಿಮಳ ಇದೆಯಲ್ಲ ಎಂದು ಕೇಳಿದರು. "ಅದು ಕುಮಟೆ ಗಾಳಿ, ಬೇರೆಲ್ಲೂ ಸಿಕ್ಕೂದಿಲ್ಲ" ಎಂದು ಅವರಿಗೆ ಹೇಳಿ ಫೋನಿಟ್ಟವಳೇ ಟಯರಿನವರ ಶೆಡ್ಡಿಗೆ ನುಗ್ಗಿ ಅವರ ಚಿಮಣಿಯ ಮೂತಿ ಪಶ್ಚಿಮಕ್ಕೆ ತಿರುಗಿಸಿ ಬಂದಳು.

ನಾನು ಆಗ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಕೆಲಸಕ್ಕೋ ಗಂಡಿಗೋ ಯಾವುದು ಮೊದಲು ಬರುತ್ತದೋ ಅದಕ್ಕೆ ಕಾಯುತ್ತ ಮನೆಯಲ್ಲಿದ್ದೆ. ಅತ್ತೆ ನನ್ನನ್ನು ಸಂಬಳವಿಲ್ಲದೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯಾಗಿ ನೇಮಿಸಿಕೊಂಡಳು. ವಿಭಾಗ ಇದ್ದದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ. ಅದನ್ನು ನಡೆಸುತ್ತಿದ್ದವನು ಭಟ್ಕಳದ ಒಬ್ಬ ತರುಣ; ಮನೆಯವರ ಹತ್ತಿರ ನವಾಯತಿ, ನಮ್ಮ ಹತ್ತಿರ ಕನ್ನಡ, ಕೆಟ್ಟ ಕಂಪ್ಯೂಟರಿನ ಹತ್ತಿರ ಉರ್ದು. ಅತ್ತೆಯನ್ನು "ಖಾಲಾ", ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದ. ಅಂಗಡಿಯ ಪೇಜು ಮಾಡಿಕೊಟ್ಟವನು ಅವನೇ. ಹಪ್ಪಳದ ಫೋಟೋ ಬೇಕಲ್ಲ? ಕ್ಯಾಮೆರಾ ಇರಲಿಲ್ಲ. ಅತ್ತೆ ಒಂದು ಹಪ್ಪಳವನ್ನು ಸೀದಾ ಸ್ಕ್ಯಾನರಿನೊಳಗೆ ಮಲಗಿಸಿ ಮುಚ್ಚಳ ಹಾಕಿಸಿದಳು. ಮೊದಲನೆಯದು ಪುಡಿಯಾಯಿತು. ಎರಡನೆಯದರ ಚಿತ್ರ ಚೆನ್ನಾಗಿಯೇ ಬಂತು, ಆದರೆ ನೋಡಿದವರಿಗೆಲ್ಲ ಚಂದ್ರಗ್ರಹಣದ ಹಾಗೆ ಕಾಣುತ್ತಿತ್ತು.

"ಖಾಲಾ, ಇದು ತಿನ್ನೂದು ಅಂತ ಜನಕ್ಕೆ ಹ್ಯಾಂಗೆ ಗೊತ್ತಾಗಬೇಕು?"

"ಗೊತ್ತಾಗದಿದ್ರೆ ಫೋನ್ ಮಾಡಿ ಕೇಳ್ತಾರೆ. ಅದಕ್ಕೇ ಅಲ್ವಾ ನಂಬರ್ ಹಾಕಿದ್ದು!"

ನಿಜಕ್ಕೂ ಕೇಳಿದರು! ಅಂಗಡಿ ನಡೆದದ್ದೇ ಹಾಗೆ.

ಆರ್ಡರು ಇ-ಮೇಲಿನಲ್ಲಿ ಬರುತ್ತಿತ್ತು. ನಾನು ಅದನ್ನು ಪ್ರಿಂಟು ತೆಗೆದು ಶೆಡ್ಡಿಗೆ ಒಯ್ಯುತ್ತಿದ್ದೆ. ಬೇರೆ ಅಂಗಡಿಯವರಾದರೆ ಮಾಲು ಕಟ್ಟಿ ಕಳಿಸುತ್ತಾರೆ. ನಮ್ಮ ಅತ್ತೆ ಹಾಗಲ್ಲ. ಗೊತ್ತಿಲ್ಲದವರಿಗೆ ಹಪ್ಪಳ ಕಳಿಸುವುದು ಹೇಗೆ? ಗಿರಾಕಿಗೆ ಫೋನು ಹಚ್ಚಿ ಸಂದರ್ಶನ ಮಾಡುತ್ತಿದ್ದಳು. ಹಿಂದಿ, ಮರಾಠಿ, ಕೊಂಕಣಿ ಮೂರನ್ನೂ ಕಲಸಿ ಹದ ಮಾಡಿಕೊಂಡ ಟ್ರಂಕ್ ಕಾಲ್ ಭಾಷೆ ಅವಳದು. ಮುಂಬೈಯ ಒಬ್ಬ ಹುಡುಗನ ಜೊತೆ ನಡೆದ ಸಂದರ್ಶನವನ್ನು ಕನ್ನಡದಲ್ಲಿ ಹೇಳಿದರೆ ಹೀಗೆ.

"ನೂರು ಹಪ್ಪಳ ಬೇಕು ಅಂದಿದ್ರಿ. ಮನೇಲಿ ಎಷ್ಟು ಜನ?"

"ನಾನೊಬ್ಬನೇ."

"ಒಬ್ಬರಿಗೆ ನೂರಾ? ಪಿತ್ತ ಆಗ್ತದೆ. ಇಪ್ಪತ್ತೈದು ಕಳಿಸ್ತೆ. ಕರಿಯೂದು ಬೇಡ, ಸುಟ್ಟು ತಿನ್ನಿ. ಗ್ಯಾಸ್ ಸಣ್ಣ ಇಡಿ. ಆತಾ?"

"ಆಯ್ತು ಆಂಟಿ" ಎಂದಿತು ಆ ಕಡೆಯ ದನಿ, ಪರೀಕ್ಷೆಯಲ್ಲಿ ಪಾಸಾದ ಸಂತೋಷದಲ್ಲಿ.

ಬಂದ ಆರ್ಡರನ್ನು ಕಾಲುಪಾಲಿಗೆ ಇಳಿಸುವ ವ್ಯಾಪಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ತಲೆ ಚಚ್ಚಿಕೊಂಡೆ. ಆದರೆ ಆ ಹುಡುಗ ಮುಂದಿನ ವರ್ಷ ಅವನಾಗಿಯೇ ಫೋನು ಮಾಡಿ, "ಆಂಟಿ, ಈಗ ಮನೆಯಲ್ಲಿ ಇಬ್ಬರು" ಎಂದ. ಅತ್ತೆ ಅವತ್ತು ಎಸ್ಟೇಟಿನಲ್ಲಿದ್ದ ಎಲ್ಲರಿಗೂ ಬೆಲ್ಲ ಹಂಚಿ, ಅವನ ಪಾಲನ್ನು ಐವತ್ತಕ್ಕೆ ಏರಿಸಿದಳು.

ಇನ್ನು ವಿಳಾಸದ ಕತೆ. ಪಾರ್ಸೆಲ್ಲಿನ ಮೇಲೆ ಕಳಿಸುವವರ ವಿಳಾಸ ಮೂಲೆಯಲ್ಲಿ ಸಣ್ಣಗೆ ಇರುವುದು ಲೋಕರೂಢಿ. ಅತ್ತೆ ಮಾರ್ಕರ್ ಹಿಡಿದು ತನ್ನ ಹೆಸರು, ಶೆಡ್ ನಂಬರ್ ಹದಿನಾಲ್ಕು, ಇಂಡಸ್ಟ್ರಿಯಲ್ ಎಸ್ಟೇಟ್, ಕುಮಟಾ ಎಂದು ಚುನಾವಣೆಯ ಗೋಡೆಬರಹದಷ್ಟು ದೊಡ್ಡದಾಗಿ ಬರೆಯುತ್ತಿದ್ದಳು. ಗಿರಾಕಿಯ ವಿಳಾಸ ಉಳಿದ ಜಾಗದಲ್ಲಿ ಹೇಗೋ ಮುದುಡಿಕೊಳ್ಳಬೇಕು. ಪರಿಣಾಮವೇನು? ಪುಣೆಗೆ ಹೊರಟ ಒಂದು ಪಾರ್ಸೆಲ್ಲು ಎಲ್ಲೆಲ್ಲೋ ತಿರುಗಿ ಸೀದಾ ನಮ್ಮ ಶೆಡ್ಡಿಗೇ ಬಂತು! ನಾನು ಸಿಟ್ಟಿನಿಂದ ಕುದಿಯುತ್ತಿದ್ದರೆ ಅತ್ತೆ ಅದನ್ನು ಮಗುವಿನ ಹಾಗೆ ಎತ್ತಿಕೊಂಡು, "ನೋಡೇ ಕೂಸೆ, ನಮ್ಮ ಅಡ್ರೆಸ್ಸು ಎಷ್ಟು ಸ್ಪಷ್ಟ ಇದ್ದು!" ಎಂದು ಹಿಗ್ಗಿದಳು. ಬಹಳ ಗೋಗರೆದ ಮೇಲೆ ಅಕ್ಷರವನ್ನು ಒಂದು ಕೂದಲೆಳೆಯಷ್ಟು ಸಣ್ಣದು ಮಾಡಿದಳು.

ಹಪ್ಪಳವನ್ನು ಕಳಿಸುತ್ತಿದ್ದದ್ದು ತಗಡಿನ ದುಂಡು ಡಬ್ಬಿಯಲ್ಲಿ. ಪಕ್ಕದ ಮಾಮ ಅಳತೆಗೆ ಸರಿಯಾಗಿ ಮಾಡಿಕೊಡುತ್ತಿದ್ದರು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಆ ಡಬ್ಬಿ ವಾಪಸ್ ಬರಬೇಕು ಎಂದು ಅತ್ತೆ ಫೋನಿನಲ್ಲೇ ಹೇಳಿಡುತ್ತಿದ್ದಳು! ಹಪ್ಪಳ ಮಾರಿದ್ದು, ಡಬ್ಬಿ ಕೊಟ್ಟದ್ದಲ್ಲ. ಅಕ್ಕಪಕ್ಕದ ಮನೆಗೆ ಪಾಯಸ ಕೊಟ್ಟರೆ ಪಾತ್ರೆ ತಿರುಗಿ ಬರುವುದಿಲ್ಲವೇ? ಹಾಗೆ. ದೆಹಲಿ ಅವಳ ಲೆಕ್ಕದಲ್ಲಿ ಸ್ವಲ್ಪ ದೂರದ ಪಕ್ಕದ ಮನೆ.

ಆಶ್ಚರ್ಯ ನೋಡಿ, ದೆಹಲಿಯಿಂದ ಒಂದು ಡಬ್ಬಿ ಬಂದೇ ಬಂತು. ಅತ್ತೆ ಮುಚ್ಚಳ ತೆಗೆದಳು. ಒಳಗೆ ನೋಡಿದಳು. ಬೋರಲು ಮಾಡಿ ತಳಕ್ಕೆ ತಟ್ಟಿದಳು. ಏನೂ ಬೀಳಲಿಲ್ಲ.

"ಖಾಲಿ ಕಳಿಸಿದ್ದ!" ಅವಳ ಮುಖ ಕೆಂಪಾಯಿತು. ನಮ್ಮ ಕಡೆ ಬಂದ ಪಾತ್ರೆಯನ್ನು ಖಾಲಿ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಮೆಣಸಿನಕಾಯಿಯನ್ನಾದರೂ ಹಾಕಿ ಕೊಡುತ್ತಾರೆ. ದೆಹಲಿಯ ಆ ಮನುಷ್ಯನಿಗೆ ಇದು ಹೇಗೆ ಗೊತ್ತಿರಬೇಕು ಪಾಪ! ಆದರೆ ಅತ್ತೆ ಅವನಿಗೆ ಹಚ್ಚಿದ ಫೋನು ಇಡುವಷ್ಟರಲ್ಲಿ ಗೊತ್ತಾಗಿತ್ತು. ಅವತ್ತಿನಿಂದ ಪ್ರತಿ ಸಂದರ್ಶನದ ಕೊನೆಗೆ ಒಂದು ಮಾತು ಸೇರಿಕೊಂಡಿತು: "ಖಾಲಿ ಡಬ್ಬಿ ಕಳಿಸಬೇಡಿ."

ಆಮೇಲೆ ಬಂತು ನೋಡಿ ಪ್ರವಾಹ! ನಾಗಪುರದವರು ಮಳೆಗಾಲದಲ್ಲಿ ಕಿತ್ತಳೆ ಕಳಿಸಿದರು. ಅದು ದಾರಿಯಲ್ಲೇ ಕೊಳೆತು, ಪೋಸ್ಟ್‌ಮ್ಯಾನು ಡಬ್ಬಿಯನ್ನು ಮಾರುದೂರ ಹಿಡಿದುಕೊಂಡು ಬಂದ. ರಾಜಸ್ಥಾನದವರು ಹಪ್ಪಳದ ಡಬ್ಬಿಯಲ್ಲಿ ತಮ್ಮ ಹಪ್ಪಳವನ್ನೇ ತುಂಬಿ ಕಳಿಸಿದರು. "ಹಪ್ಪಳಕ್ಕೆ ಹಪ್ಪಳ! ಇದು ಮರ್ಯಾದೆಯಲ್ಲ, ಪಂಥ!" ಎಂದು ಅತ್ತೆ ಅವರಿಗೆ ಉಪ್ಪಿನಕಾಯಿ ಮಿಡಿಯನ್ನು ಪುಕ್ಕಟೆ ಕಳಿಸಿ ಸೇಡು ತೀರಿಸಿಕೊಂಡಳು. ದುಬೈಯಲ್ಲಿದ್ದ ಭಟ್ಕಳದ ಮಗನೊಬ್ಬ, ಊರಲ್ಲಿರುವ ತನ್ನ ಅಮ್ಮನಿಗೆ ಹಪ್ಪಳ ಮುಟ್ಟಿಸಿ ಎಂದು ಆರ್ಡರ್ ಕಳಿಸಿದ. ಅತ್ತೆ ಪೋಸ್ಟಿಗೆ ಹಾಕದೆ ತಾನೇ ಬಸ್ಸು ಹತ್ತಿ ಭಟ್ಕಳಕ್ಕೆ ಹೋದಳು. ಆ ತಾಯಿ ಅಲ್ಲೇ ಡಬ್ಬಿ ತೊಳೆದು ಒರೆಸಿ ಖರ್ಜೂರ ತುಂಬಿ ಕೊಟ್ಟಳಂತೆ, ಯಾರೂ ಹೇಳಿಕೊಡದೆ! "ಅದು ಮನೆ ಅಂದ್ರೆ" ಎಂದು ಅತ್ತೆ ವಾರವಿಡೀ ಹೊಗಳಿದಳು. ಎಲ್ಲ ಡಬ್ಬಿಗಳೂ ಶೆಡ್ಡಿನ ಗೋಡೆಯುದ್ದಕ್ಕೂ ಹಲಗೆಯ ಮೇಲೆ ಕೂತವು, ಒಂದೊಂದರ ಮೇಲೂ ಅದು ಹೋಗಿ ಬಂದ ಊರಿನ ಹೆಸರು. ಬೆಳಿಗ್ಗೆ ಬಂದ ಕೂಡಲೇ ಅವನ್ನು ಒರೆಸುವುದು ಅವಳ ಪೂಜೆ.

ಹೀಗೆ ಸುಖವಾಗಿದ್ದ ಶೆಡ್ಡಿಗೆ ಒಂದು ದಿನ ಅಧಿಕಾರಿಯೊಬ್ಬರು ಬಂದರು. ಘಟ್ಟದ ಮೇಲಿನವರು, ಸಭ್ಯರು, ಆದರೆ ನಿಯಮದ ಮನುಷ್ಯ. ಸುತ್ತ ನೋಡಿದರು.

"ಏನಮ್ಮಾ, ಇದು ಕೈಗಾರಿಕೆಗೆ ಅಂತ ಕೊಟ್ಟ ಶೆಡ್ಡು. ಹಪ್ಪಳ ಎಲ್ಲಿ ತಯಾರಾಗುತ್ತೆ?"

"ಕಾಗಾಲದಲ್ಲಿ, ಮತ್ತೆ ಗೇರುಸೊಪ್ಪೆ ಕಡೆ. ಹೆಂಗಸರು ಮನೇಲಿ ಮಾಡಿ ಬಸ್ಸಲ್ಲಿ ಕಳಿಸ್ತಾರೆ."

"ಹಾಗಾದರೆ ಇದು ಗೋಡೌನ್ ಆಯ್ತು. ಇಲ್ಲಿ ಉತ್ಪಾದನೆ ಆಗಬೇಕು. ಯಂತ್ರ ಎಲ್ಲಿದೆ?"

ಅತ್ತೆ ಒಂದು ಕ್ಷಣವೂ ತಡಮಾಡದೆ ಟೆಲಿಫೋನು ತೋರಿಸಿದಳು.

ಅವರಿಗೆ ನಗು ಬಂತು, ಆದರೆ ನುಂಗಿಕೊಂಡರು. ಮುಂದಿನ ತಿಂಗಳು ಮತ್ತೆ ಬರುತ್ತೇನೆ, ಅಷ್ಟರೊಳಗೆ ಇಲ್ಲಿ ಏನಾದರೂ ತಯಾರಾಗುವುದು ಕಾಣದಿದ್ದರೆ ಶೆಡ್ಡು ಬೇರೆಯವರಿಗೆ ಹೋಗುತ್ತದೆ ಎಂದು ಹೇಳಿ ಜೀಪು ಹತ್ತಿದರು.

ರಾತ್ರಿ ಊಟಕ್ಕೆ ಕೂತಾಗ ವಿಷಯ ಅಪ್ಪನಿಗೆ ತಿಳಿಯಿತು. ಅಪ್ಪ ಒಳ್ಳೆಯ ಮನಸ್ಸಿನಿಂದಲೇ ಹೇಳಿದ, "ಹೋದ್ರೆ ಹೋಗ್ಲಿ ಬಿಡೆ. ಮೆತ್ತಿ ಖಾಲಿ ಇದ್ದು, ಮನೇಲೇ ಮಾಡು. ಬಾಡಿಗೆನೂ ಇಲ್ಲೆ."

ಅಮ್ಮನೂ ಮಹಡಿ ಗುಡಿಸಿಕೊಡುತ್ತೇನೆ ಎಂದಳು.

"ಅದಾಗ್ತಿಲ್ಲೆ" ಎಂದಳು ಅತ್ತೆ. ಯಾಕೆ ಎಂದು ಹೇಳಲಿಲ್ಲ. ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಎಲ್ಲದಕ್ಕೂ ಉತ್ತರ ಇದ್ದವಳು ಹಾಗೆ ಸುಮ್ಮನೆ ಎದ್ದುಹೋದದ್ದನ್ನು ನಾನು ನೋಡಿರಲಿಲ್ಲ. ನನಗೆ ಹೆದರಿಕೆಯಾಯಿತು. ಅಷ್ಟು ಹಟ ಮಾಡಲು ಒಂದು ತಗಡು ಮಾಡಿನ ಶೆಡ್ಡಿನಲ್ಲಿ ಏನಿದೆ ಎಂದು ಯಾರಿಗೂ ತಿಳಿಯಲಿಲ್ಲ.

ಆದರೆ ಬೆಳಿಗ್ಗೆ ನೋಡಿದರೆ ಅತ್ತೆ ಮತ್ತೆ ಅತ್ತೆಯೇ! ಫೋನಿನ ಮುಂದೆ ಕೂತು ಕಾಗಾಲಕ್ಕೆ, ಗೇರುಸೊಪ್ಪೆಗೆ, ನಡುವಿನ ಊರುಗಳಿಗೆ ಒಂದರ ಹಿಂದೊಂದು ಕಾಲು. ಹಪ್ಪಳ ಒತ್ತುವುದು ಒಬ್ಬರ ಕೆಲಸವಲ್ಲ, ಗೊತ್ತಲ್ಲ. ಇವತ್ತು ನಿಮ್ಮ ಮನೆ, ನಾಳೆ ನಮ್ಮ ಮನೆ ಎಂದು ಹೆಂಗಸರು ಮುಯ್ಯಾಳಾಗಿ ಒಬ್ಬರಿಗೊಬ್ಬರು ಸೇರುತ್ತಾರೆ. ಅತ್ತೆ ಅವರನ್ನೆಲ್ಲ ಎಸ್ಟೇಟಿಗೇ ಕರೆದಳು. ಯಾರ ಬಾಣಂತನಕ್ಕೆ ಡಾಕ್ಟರಿಗೆ ಲೈನು ಸಿಗದಿದ್ದಾಗ ಹಟ ಹಿಡಿದು ಲೈನು ಕೊಡಿಸಿದ್ದಳೋ, ಯಾರ ಮಗ ಮುಂಬೈಯಲ್ಲಿ ಕಾಣೆಯಾದಾಗ ಬೇರೆ ಬೇರೆ ಎಕ್ಸ್‌ಚೇಂಜಿನ ಆಪರೇಟರುಗಳನ್ನು ಎಬ್ಬಿಸಿ ಹುಡುಕಿಸಿದ್ದಳೋ ಆ ಹೆಂಗಸರೆಲ್ಲ ಬರುತ್ತೇವೆ ಎಂದರು. "ನಿಮ್ಮ ದನಿ ಕೇಳಿದ್ದೇ, ಮುಖ ಈಗ ಕಂಡದ್ದು ಅಕ್ಕಾ!" ಎಂದು ಬಂದವರಲ್ಲಿ ಒಬ್ಬಳು ಅತ್ತೆಯ ಕೈ ಹಿಡಿದುಕೊಂಡಳು.

ಅಧಿಕಾರಿ ಬರುವ ದಿನ ಇಡೀ ಎಸ್ಟೇಟಿನಲ್ಲಿ ಕಬ್ಬಿಣದ ಸದ್ದಿಲ್ಲ. ತಗಡಿನ ಮಾಮ ಸುತ್ತಿಗೆ ಕೆಳಗಿಟ್ಟು ಹಲಸಿನ ಸೊಳೆ ಬಿಡಿಸುತ್ತಿದ್ದರು. ಟಯರಿನವರು ಬೆಂಕಿ ಆರಿಸಿ ಹೊಗೆ ನಿಲ್ಲಿಸಿದ್ದರು. ಇಟ್ಟಿಗೆಯವರು ಅಂಗಳ ತೊಳೆದುಕೊಟ್ಟಿದ್ದರು. ಒಳಗೆ ಬೇಯಿಸುವವರು, ಕುಟ್ಟುವವರು, ಉಂಡೆ ಮಾಡುವವರು, ಮಣೆಯಲ್ಲಿ ಒತ್ತುವವರು. ಹೊರಗೆ ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ. ಚಾಪೆ ಹೊತ್ತು ತಂದವರು ಅಪ್ಪ ಮತ್ತು ನನ್ನ ತಮ್ಮ. ಅಮ್ಮ ಕಾರದ ಹದ ನೋಡುವ ನೆಪದಲ್ಲಿ ಹಸಿಹಿಟ್ಟನ್ನೇ ಉಂಡೆಗಟ್ಟಲೆ ತಿನ್ನುತ್ತಿದ್ದಳು.

ಜೀಪು ಬಂದು ನಿಂತಿತು. ಅಧಿಕಾರಿಗೆ ಕಾಲಿಡಲು ಜಾಗವಿಲ್ಲ.

"ಚಪ್ಪಲಿ ತೆಗೀರಿ!" ಎಂದು ಒಳಗಿನಿಂದ ಆಜ್ಞೆಯಾಯಿತು.

ಅವರು ಚಪ್ಪಲಿ ಕೈಯಲ್ಲಿ ಹಿಡಿದು ಚಾಪೆಗಳ ನಡುವೆ ತುದಿಗಾಲಿನಲ್ಲಿ ನಡೆದು ಬಂದರು. "ಉತ್ಪಾದನೆ ಏನೋ ಕಾಣ್ತಾ ಇದೆ ಅಮ್ಮಾ. ಯಂತ್ರ?"

ಅತ್ತೆ ಹಿಟ್ಟಿನ ಕೈಯನ್ನೇ ಎತ್ತಿ ಆಕಾಶಕ್ಕೆ ತೋರಿಸಿದಳು. ಏಪ್ರಿಲ್ ತಿಂಗಳ ಕುಮಟೆಯ ಸೂರ್ಯ ನೆತ್ತಿಯ ಮೇಲೆ ಧಗಧಗ ಉರಿಯುತ್ತಿದ್ದ.

"ಅದು. ಬೆಳಿಗ್ಗೆ ತನ್ನಷ್ಟಕ್ಕೆ ಚಾಲೂ ಆಗ್ತದೆ, ಸಂಜೆ ತನ್ನಷ್ಟಕ್ಕೆ ಬಂದ್. ಕರೆಂಟ್ ಬಿಲ್ಲಿಲ್ಲ."

"ಮತ್ತೆ ಮಳೆಗಾಲದಲ್ಲಿ?"

"ಮಳೆಗಾಲದಲ್ಲಿ ಯಂತ್ರ ರಿಪೇರಿಗೆ ಹೋಗ್ತದೆ. ಹಾಂ, ಇದು ಸ್ವಲ್ಪ ಹಿಡ್ಕೊಳ್ಳಿ, ಕಾಗೆ ಬಂತು!" ಎಂದು ಅವರ ಕೈಗೆ ಬಿಚ್ಚಿದ ಕರಿಕೊಡೆ ತುರುಕಿ ಒಳಗೆ ಓಡಿದಳು. ಮೇಲಿನ ಆಫೀಸಿನಿಂದ ಬಂದ ಆ ದೊಡ್ಡ ಮನುಷ್ಯ ಸುಮಾರು ಹೊತ್ತು ಬಿಸಿಲಿನಲ್ಲಿ ನಿಂತು "ಹುಷ್, ಹುಷ್" ಎಂದು ಕಾಗೆ ಓಡಿಸಿದರು. ಆಮೇಲೆ ಸುಟ್ಟ ಹಪ್ಪಳ ಮುರಿಯುತ್ತ, ಇಲ್ಲಿ ಉತ್ಪಾದನೆ ನಡೆಯುತ್ತಿದೆ ಎಂದು ಬರೆದುಕೊಂಡು, ಇನ್ನು ಪ್ರತಿ ವರ್ಷವೂ ಇಲ್ಲೇ ಮಾಡಬೇಕು ಎಂದರು.

"ಮಾಡ್ತೇವೆ. ನೀವೂ ಪ್ರತಿ ವರ್ಷ ಬನ್ನಿ, ಕೊಡೆ ಹಿಡೀಲಿಕ್ಕೆ ಜನ ಬೇಕು" ಎಂದಳು ಅತ್ತೆ.

ಸಂಜೆ ಹೆಂಗಸರೆಲ್ಲ ಬಸ್ಸು ಹತ್ತಿದರು. ಅಮ್ಮ ಮಣೆ ತೊಳೆಯುತ್ತಿದ್ದಳು. ಅಪ್ಪ ಚಾಪೆ ಸುತ್ತುತ್ತ, ಗಣಿತದ ಮೇಷ್ಟ್ರು ನೋಡಿ, ತಾಳೆಯಾಗದ ಲೆಕ್ಕವನ್ನು ಮತ್ತೆ ಎತ್ತಿದ. "ಇಷ್ಟು ಜನ್ರಿಗೆ ತ್ರಾಸು ಕೊಟ್ಟು ಈ ಶೆಡ್ಡು ಉಳ್ಸಕಂಡೆ. ಮನೇಲಿ ಮಾಡಲೆ ಎಂತ ಅಡ್ಡಿ ಇತ್ತೆ ನಿಂಗೆ? ಯಾರಾದ್ರೂ ಎಂತಾದ್ರೂ ಹೇಳಿದ್ವ?"

ಅತ್ತೆ ಡಬ್ಬಿ ಒರೆಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ಯಾರೂ ಎಂತೂ ಹೇಳಿದ್ವಿಲ್ಲೆ. ನೀ ಸಿಟ್ಟು ಮಾಡಡ ಅಣ್ಣಾ. ಹುಟ್ಟಿದಲಾಗಾಯ್ತು ನಂಗೆ ಬಂದ ಕಾಗದ ಎಲ್ಲಾ ಕೇರ್ ಆಫ್. ಮೊದ್ಲು ಅಪ್ಪನ ಕೇರ್ ಆಫ್, ಮತ್ತೆ ನಿನ್ನ ಕೇರ್ ಆಫ್. ಎಕ್ಸ್‌ಚೇಂಜಲ್ಲಿ ಕೂತು ಊರಿಗೆಲ್ಲಾ ಲೈನ್ ಕೊಟ್ಟೆ, ನಂಗೇ ಅಂತ ಒಂದು ಕಾಲ್ ಬಂದಿದ್ದಿಲ್ಲೆ. ಈಗ ಡಬ್ಬಿ ಬತ್ತು. ಬರೇ ನನ್ನ ಹೆಸರಿಗೆ ಬತ್ತು. ಶೆಡ್ಡು ಹೋದ್ರೆ ಅದು ಎಲ್ಲಿಗೆ ಬರವು?"

ಮಣೆ ತೊಳೆಯುತ್ತಿದ್ದ ನೀರಿನ ಸದ್ದು ನಿಂತಿತು. ಅಪ್ಪ ಸುತ್ತಿದ ಚಾಪೆಯನ್ನು ಬಿಚ್ಚಿ ಇನ್ನೊಮ್ಮೆ ಸುತ್ತಿದ. ಪಾರ್ಸೆಲ್ಲಿನ ಮೇಲಿನ ಆ ದೊಡ್ಡ ದೊಡ್ಡ ಅಕ್ಷರಗಳನ್ನು ನೋಡಿ ನಾನು ಎಷ್ಟು ನಕ್ಕಿದ್ದೆ! ಹೊರಡುವಾಗ ಅಪ್ಪ, ಮನೆಗೆ ಹಪ್ಪಳ ಬೇಕೆಂದು ಒಂದು ಡಬ್ಬಿ ಕೇಳಿ ಇಸಿದುಕೊಂಡ.

ಕೆಲವು ದಿನ ಕಳೆದ ಮೇಲೆ ಪೋಸ್ಟ್‌ಮ್ಯಾನು ಶೆಡ್ಡಿಗೆ ಒಂದು ಡಬ್ಬಿ ತಂದ. "ಅಕ್ಕಾ, ಇದು ಬಹಳ ದೂರದಿಂದ ಬಂದದ್ದು" ಎಂದು ನಕ್ಕ. ನೋಡಿದರೆ ಕುಮಟೆಯ ಠಸ್ಸೆ. ಕುಮಟೆಯಿಂದ ಕುಮಟೆಗೆ! ಮೇಲೆ ಕರಿಹಲಗೆಯಲ್ಲಿ ಬರೆದು ಪಳಗಿದ ಉರುಟು ಅಕ್ಷರದಲ್ಲಿ ಅತ್ತೆಯ ಹೆಸರು, ಶೆಡ್ ನಂಬರ್ ಹದಿನಾಲ್ಕು. ಕೇರ್ ಆಫ್ ಇಲ್ಲ. ಕಳಿಸಿದವರ ವಿಳಾಸ ಮೂಲೆಯಲ್ಲಿ, ಕಂಡೂ ಕಾಣದಷ್ಟು ಸಣ್ಣಗೆ. ಒಳಗೆ ಅಮ್ಮ ಮಾಡಿದ ಎಳ್ಳುಂಡೆ, ಮುಚ್ಚಳದವರೆಗೆ.

ಬೆಳಿಗ್ಗೆ ತಾನೇ ಅದೇ ಮನೆಯಲ್ಲಿ ಅಪ್ಪನ ಪಕ್ಕ ಕೂತು ದೋಸೆ ತಿಂದು ಬಂದವಳು ಅತ್ತೆ. ಆ ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಸೆರಗು ಸರಿಮಾಡಿಕೊಂಡು, ಮನೆಗೆ ಫೋನು ಹಚ್ಚಿದಳು. ಅಪ್ಪನೇ ಎತ್ತಿದ. ಅಪ್ಪನಿಗೆ ಎಲ್ಲ ಫೋನೂ ಟ್ರಂಕ್ ಕಾಲೇ, ಪಕ್ಕದ ಬೀದಿಗಾದರೂ ಕೂಗಿಯೇ ಮಾತಾಡುವುದು. ಹಾಗಾಗಿ ಶೆಡ್ಡಿನ ಈ ತುದಿಯಲ್ಲಿ ನಿಂತ ನನಗೂ ಕೇಳಿಸುತ್ತಿತ್ತು.

"ಹಲೋ! ಯಾರು?"

"ಶೆಡ್ ನಂಬರ್ ಹದಿನಾಲ್ಕು. ನಿಮ್ಮ ಡಬ್ಬಿ ಬಂದು ಮುಟ್ಟಿದೆ. ಖಾಲಿ ಕಳಿಸದ್ದಕ್ಕೆ ಸಂತೋಷ." ಅತ್ತೆಯದು ಅಚ್ಚ ಡ್ಯೂಟಿಯ ದನಿ. "ಹಪ್ಪಳ ಎಷ್ಟು ಕಳಿಸಬೇಕು ಅಂತ ನೋಡಬೇಕು. ಮನೇಲಿ ಎಷ್ಟು ಜನ?"

ಆ ಕಡೆ ಅಪ್ಪ ಕೆಮ್ಮಿದ. ಅತ್ತೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೂರು ನಿಮಿಷ ಆಗ್ತಾ ಬಂತು. ಮನೇಲಿ ಎಷ್ಟು ಜನ ಹೇಳಿ."

"ಐದು!" ಎಂದು ಅಪ್ಪ ಕೂಗಿದ್ದು ಪಕ್ಕದ ಶೆಡ್ಡಿನ ಮಾಮನಿಗೂ ಕೇಳಿರಬೇಕು, ಸುತ್ತಿಗೆಯ ಸದ್ದು ನಿಂತಿತು. "ನಾವು ಗಂಡ ಹೆಂಡತಿ, ಮಕ್ಕ ಇಬ್ರು, ಮತ್ತೆ ನೀನು. ನಿನ್ನ ಸೇರ್ಸಿ ಐದು ಜನ!"